ಜೋಳ ಒಡೆಯೋಕೆ ಯಾವ ಡ್ರಿಲ್ ತಗೊಳ್ಳಲಿ?

ಪ್ರಶ್ನೆ: ಅಣ್ಣಾರ, ನಮಸ್ಕಾರ. ಮನೆಯಲ್ಲಿ ಕೈಯಿಂದ ತಿರುವುವ ಬೀಡು ಕಬ್ಬಿಣದ ಸಣ್ಣ ಗಿರಣಿ ಇದೆ. ವಾರಕ್ಕೆ ಮೂರು-ನಾಲ್ಕು ಕಿಲೋ ಜೋಳದ ನುಚ್ಚು, ಹಬ್ಬ ಬಂದರೆ ಗೋಧಿ ನುಚ್ಚು ಮಾಡಿಕೊಳ್ಳುತ್ತೇವೆ. ಈಗ ನನಗೆ ರಟ್ಟೆ ನೋವು. ಹ್ಯಾಂಡಲ್ ತೆಗೆದು ಡ್ರಿಲ್ ಮಷೀನ್ ಹಚ್ಚಿದರೆ ಆಯ್ತು ಅಂತಾನೆ ಮಗ. ಅಂಗಡಿಯಲ್ಲಿ 600 ವ್ಯಾಟಿನ ಹ್ಯಾಮರ್ ಡ್ರಿಲ್ ತೋರಿಸಿದರು. ತಗೊಳ್ಳಬಹುದಾ? — ಓದುಗರು, ರೋಣ

ಉತ್ತರ: ಅಕ್ಕಾರ, ದುಡ್ಡು ಕೊಟ್ಟಿಲ್ಲ ತಾನೆ? ಹಾಗಾದರೆ ಸ್ವಲ್ಪ ತಡೀರಿ.

ನಾನು ಹುಬ್ಬಳ್ಳಿಯಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಹೀಗೆ ಹಿಟ್ಟು, ನುಚ್ಚು ಅಂತ ಓಡಿಸಿ ಸುಟ್ಟ ಡ್ರಿಲ್ಲುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ. ಗಾಳಿ ಕಿಂಡಿಯಲ್ಲಿ ಹಿಟ್ಟು, ಆರ್ಮೇಚರಿನ (ಮೋಟರಿನೊಳಗೆ ತಿರುಗುವ ಭಾಗ) ತಾಮ್ರದ ತಂತಿ ಕರ್‍ರಗೆ, ಕಾರ್ಬನ್ ಬ್ರಶ್ ಕಡ್ಡಿಯಷ್ಟು ಸವೆದಿರುತ್ತದೆ, ಮೇಲೆ ಆ ಸುಟ್ಟ ವಾರ್ನಿಶ್ ವಾಸನೆ. ಇಂಥವು ಹೆಚ್ಚಿನಂಶ ಒಂದೇ ಜಾತಿ: ವ್ಯಾಟ್ ನೋಡಿ ತಂದ, ಗೇರ್ ಬದಲಿಸಲು ಬರದ, ಜೋರಾಗಿ ತಿರುಗುವ ಡ್ರಿಲ್ಲು.

ವ್ಯಾಟ್ ಸಾಲೋದಿಲ್ಲ ಅಂತಲ್ಲ. ನೀವೇ ಅಳೆದು ನೋಡಿ. ಗಿರಣಿಗೆ ಜೋಳ ಹಾಕಿ, ಹ್ಯಾಂಡಲ್ ತುದಿಗೆ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಹ್ಯಾಂಡಲ್ 20 ಸೆಂಟಿಮೀಟರ್ ಉದ್ದ ಇದ್ದು, ತಕ್ಕಡಿ 5 ಕಿಲೋ ತೋರಿಸಿದಾಗ ಗಿರಣಿ ತಿರುಗಿತು ಅಂದುಕೊಳ್ಳಿ. 5ನ್ನು 20ರಿಂದ ಗುಣಿಸಿ 10ರಿಂದ ಭಾಗಿಸಿದರೆ 10. ಅಂದರೆ ಸುಮಾರು 10 ನ್ಯೂಟನ್ ಮೀಟರ್ ತಿರುಚುವ ಬಲ ಬೇಕು. ಇದಕ್ಕೆ ಟಾರ್ಕ್ ಅಂತಾರೆ. ನಿಮಿಷಕ್ಕೆ 150 ಸುತ್ತಿನಲ್ಲಿ ಇಷ್ಟು ಬಲ ಕೊಡೋಕೆ ಹಿಡಿಯೋದು 160 ವ್ಯಾಟ್ ಮಾತ್ರ. 600 ವ್ಯಾಟಿನ ಮಷೀನಿಗೆ ಇದು ಲೆಕ್ಕಕ್ಕೇ ಇಲ್ಲ, ಅಲ್ವಾ?

ಗೋಳು ಇರೋದು ವೇಗದಲ್ಲಿ. ಆ ಡ್ರಿಲ್ ಖಾಲಿ ತಿರುಗುವಾಗ ನಿಮಿಷಕ್ಕೆ 2800 ಸುತ್ತಿನ ಆಸುಪಾಸು ಓಡುತ್ತದೆ. ಗೋಡೆಗೆ ತೂತು ಹಾಕಲು ಮಾಡಿದ ಮಷೀನು ಅದು. ಅಷ್ಟು ವೇಗದಲ್ಲಿ ಅದು ತಣ್ಣಗೆ ಕೊಡಬಲ್ಲ ಟಾರ್ಕ್ ಒಂದೆರಡು ನ್ಯೂಟನ್ ಮೀಟರ್. ಟ್ರಿಗರ್ ಅರ್ಧ ಒತ್ತಿ ನಿಧಾನ ಮಾಡಬಹುದಲ್ಲ ಅಂತೀರಿ. ಮಾಡಬಹುದು, ಗಿರಣಿ ತಿರುಗುತ್ತದೆ ಕೂಡ. ಆದರೆ ಮೋಟರನ್ನು ತಣ್ಣಗಿಡುವ ಫ್ಯಾನು ಅದೇ ಶಾಫ್ಟಿನ ಮೇಲೆ ಕೂತಿದೆ. ಮೋಟರ್ ನಿಧಾನ ಆದರೆ ಫ್ಯಾನೂ ನಿಧಾನ. ಆ ಕಡೆ ಭಾರಕ್ಕೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಈ ಕಡೆ ಗಾಳಿ ಇಲ್ಲ. ಮಷೀನು ಜಗ್ಗುತ್ತಿದೆ ಅಂತ ನೀವು ಖುಷಿಯಲ್ಲಿರುತ್ತೀರಿ, ಒಳಗೆ ತಂತಿ ಬೇಯುತ್ತಿರುತ್ತದೆ.

ಆದ್ದರಿಂದ ಒಳಗೆ ಮೋಟರ್ ಜೋರಾಗಿ ಓಡಿ, ಹೊರಗೆ ಚಕ್, ಅಂದರೆ ಬಿಟ್ ಹಿಡಿಯುವ ಮೂತಿ, ನಿಧಾನ ತಿರುಗಬೇಕು. ಅದು ಗೇರಿನ ಕೆಲಸ. ಅಂಗಡಿಯಲ್ಲಿ ಮೊದಲು ಪೆಟ್ಟಿಗೆ ಮೇಲಿನ ‘ನೋ ಲೋಡ್ ಸ್ಪೀಡ್’, ಅಂದರೆ ಖಾಲಿ ತಿರುಗುವ ವೇಗ, ಓದಿ. ಒಂದೇ ಅಂಕಿ, ಅದೂ 2500ರ ಮೇಲಿದ್ದರೆ ಬೇಡ ಅನ್ನಿ. 600 ಸುತ್ತಿನ ಒಳಗಿನ ರೋಟರಿ ಡ್ರಿಲ್ (ಬಡಿತ ಇಲ್ಲದೆ ಬರೀ ತಿರುಗುವುದು) ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸಿಗಲಿಲ್ಲ ಅಂದರೆ ಎರಡು ಗೇರಿನದು ಕೇಳಿ, ಒಂದನೇ ಗೇರು 1000ದ ಆಸುಪಾಸು ಇರಲಿ, ಮೋಟರು 700-800 ವ್ಯಾಟ್. ಚಕ್ 13 ಮಿಲಿಮೀಟರಿನದೇ ಬೇಕು, 10ರದ್ದಕ್ಕೆ ಹಿಡಿತ ಸಾಲದು. ಪಕ್ಕದ ಹಿಡಿಕೆ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಅನ್ನಿ. ಹ್ಯಾಮರ್ ಬಟನ್ ಇದ್ದರೆ ಇರಲಿ, ಅದನ್ನು ಡ್ರಿಲ್ ಗುರುತಿನ ಮೇಲೇ ಇಡಿ. ಬಡಿತದ ಮೇಲೆ ಬಿಟ್ಟರೆ ಬೀಡಿನ ಗಿರಣಿ ಬಿರುಕು ಬಿಟ್ಟೀತು. ಎಸ್‌ಡಿಎಸ್ ಚಕ್ಕಿನ ದೊಡ್ಡ ಹ್ಯಾಮರ್ ಮಷೀನು ಮಾತ್ರ ಬೇಡವೇ ಬೇಡ, ಅದು ನಿಮ್ಮ ಶಾಫ್ಟನ್ನು ಹಿಡಿಯುವುದೂ ಇಲ್ಲ.

ಇನ್ನು ಜೋಡಿಸುವುದು. ಗಿರಣಿ ಶಾಫ್ಟ್ 13 ಮಿಲಿಮೀಟರಿಗಿಂತ ದಪ್ಪ ಇದ್ದರೆ ಚಕ್ಕಿಗೆ ಹೋಗಲ್ಲ. ಹೋದರೂ ಗುಂಡನೆಯ ಶಾಫ್ಟ್ ಮೂರು ಹಲ್ಲಿನ ನಡುವೆ ಜಾರುತ್ತದೆ. ಲೇತ್ ಅಂಗಡಿಗೆ ಹ್ಯಾಂಡಲ್ ಸಮೇತ ಗಿರಣಿ ಒಯ್ದು, ಹ್ಯಾಂಡಲ್ ಕೂರುವ ಕಡೆ ಆರು ಮೂಲೆಯ ತಲೆ ಮಾಡಿಸಿ. ಡ್ರಿಲ್ಲಿಗೆ ಅದೇ ಅಳತೆಯ ಸಾಕೆಟ್ ಹಾಕಿ. ಕೆಲಸ ಮುಗಿದ ಮೇಲೆ ಸುಮ್ನೆ ಎಳೆದರೆ ಬೇರೆ ಆಗುತ್ತದೆ, ಗೋಡೆಗೆ ತೂತು ಹಾಕೋಕೂ ಡ್ರಿಲ್ ಸಿಗುತ್ತದೆ. ಮುಖ್ಯ ವಿಷಯ: ಗಿರಣಿಯನ್ನು ಮೇಜಿಗೆ ಗಟ್ಟಿ ಬಿಗಿಯಿರಿ, ಡ್ರಿಲ್ಲನ್ನು ಬಿಗಿಯಬೇಡಿ. ಎರಡನ್ನೂ ಬಿಗಿದರೆ ಕೂದಲೆಳೆ ಸೊಟ್ಟ ಇದ್ದರೂ ಬುಶ್ಶು, ಬೇರಿಂಗು ಎರಡೂ ಸವೆಯುತ್ತವೆ. ಡ್ರಿಲ್ ಸ್ವಲ್ಪ ಆಡಲಿ. ಅದರ ಪಕ್ಕದ ಹಿಡಿಕೆ ಒಂದು ಕಟ್ಟಿಗೆ ಗೂಟಕ್ಕೆ ಆನಿಕೊಳ್ಳುವ ಹಾಗೆ ಇಡಿ. ತಿರುಚುವ ಬಲವನ್ನು ಗೂಟ ತಡೆಯಲಿ, ನಿಮ್ಮ ಮಣಿಕಟ್ಟಿಗೆ ಆ ಉಸಾಬರಿ ಬೇಡ. ರಟ್ಟೆ ನೋವು ಅಂತ ತಾನೇ ಇದೆಲ್ಲ!

ಜೋಳ ಚೆನ್ನಾಗಿ ಒಣಗಿರಲಿ, ಹಸನು ಮಾಡಿಯೇ ಹಾಕಿ. ಕೈಯಿಂದ ತಿರುವುವಾಗ ಹರಳು ಸಿಕ್ಕರೆ ‘ಕಟ್’ ಅಂತ ಕೈಗೆ ತಿಳಿಯುತ್ತದೆ, ನಿಲ್ಲಿಸುತ್ತೀರಿ. ಡ್ರಿಲ್ಲಿಗೆ ತಿಳಿಯಲ್ಲ. ಗಿರಣಿ ಹಿಡಿದುಕೊಂಡರೆ ಡ್ರಿಲ್ಲೇ ತಿರುಗಿಬೀಳುತ್ತದೆ. ಹಾಗಾಗಿ ಟ್ರಿಗರ್ ಲಾಕ್ ಮಾಡುವ ಗುಂಡಿಯನ್ನು ಒತ್ತಲೇಬೇಡಿ. ಬೆರಳು ತೆಗೆದ ತಕ್ಷಣ ಮಷೀನು ನಿಲ್ಲಬೇಕು.

ಮೊದಲು ಖಾಲಿ ಗಿರಣಿ ತಿರುಗಿಸಿ, ಆಮೇಲೆ ಬೊಗಸೆ ಬೊಗಸೆ ಜೋಳ ಬಿಡಿ. ಬಾಯಿ ತುಂಬಿಸಿಟ್ಟು ಸ್ವಿಚ್ ಹಾಕಬೇಡಿ. ಪ್ಲೇಟುಗಳ ನಡುವೆ ಮೊದಲ ಸಲ ಸಂದು ಸಡಿಲ ಇರಲಿ, ಕಾಳು ಎರಡು-ಮೂರು ಹೋಳಾದರೆ ಸಾಕು. ಸಾಣಿಗೆ ಹಿಡಿದು, ಉಳಿದ ದಪ್ಪದ್ದನ್ನು ಬಿಗಿ ಮಾಡಿ ಇನ್ನೊಮ್ಮೆ ಬಿಡಿ. ಒಂದೇ ಸಲಕ್ಕೆ ಬಿಗಿ ಹಿಡಿದರೆ ಅರ್ಧ ಹಿಟ್ಟಾಗುತ್ತದೆ, ನುಚ್ಚು ಅಂಟಂಟಾಗುತ್ತದೆ, ಡ್ರಿಲ್ಲಿಗೂ ಭಾರ. ವೇಗ ನಿಮಿಷಕ್ಕೆ 150ರಿಂದ 200 ಸುತ್ತು ಸಾಕು. ಒಂದನೇ ಗೇರು 1000ದ ಡ್ರಿಲ್ಲಾದರೆ ಇಲ್ಲಿಯೂ ಟ್ರಿಗರ್ ಸ್ವಲ್ಪ ಹಿಡಿದೇ ಓಡಿಸಬೇಕಾಗುತ್ತದೆ. ಅದಕ್ಕೇ ಕಿಲೋ ಒಡೆದು ಒಮ್ಮೆ ನಿಲ್ಲಿಸಿ ಗೇರ್ ಬಾಕ್ಸ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಗಿರಣಿಯಿಂದ ಬಿಡಿಸಿ, ಒಂದೆರಡು ನಿಮಿಷ ಖಾಲಿ ಡ್ರಿಲ್ಲನ್ನು ಫುಲ್ ಸ್ಪೀಡಲ್ಲಿ ಓಡಿಸಿ. ಫ್ಯಾನಿನ ಗಾಳಿಗೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಸ್ವಿಚ್ ಆಫ್ ಮಾಡಿ ಸುಮ್ನೆ ಇಟ್ಟರೆ ತಣ್ಣಗಾಗಲು ಬಹಳ ಹೊತ್ತು ಬೇಕು. ಹಿಟ್ಟು ಹಾರುತ್ತದೆ ಅಂತ ಡ್ರಿಲ್ಲಿಗೆ ಬಟ್ಟೆ ಸುತ್ತಬೇಡಿ, ಉಸಿರು ಕಟ್ಟುತ್ತದೆ.

ರೊಟ್ಟಿ ಹಿಟ್ಟು? ಅದನ್ನು ಇದರಲ್ಲಿ ಮಾಡಬೇಡಿ. ಊರ ಗಿರಣಿಗೇ ಕಳಿಸಿ.

ನಾಳೆ ನುಚ್ಚು ಮಾರುವ ವಿಚಾರ ಬಂದರೆ ಡ್ರಿಲ್ ಮರೆತುಬಿಡಿ. ಅರ್ಧ ಹೆಚ್‌ಪಿಯ 1440 ಸುತ್ತಿನ ಸಿಂಗಲ್ ಫೇಸ್ ಮೋಟರ್ ತಗೊಂಡು ಅದಕ್ಕೆ 2 ಇಂಚಿನ ಪುಲ್ಲಿ, ಗಿರಣಿಗೆ 14 ಇಂಚಿನದು, ನಡುವೆ ಬೆಲ್ಟ್. ಗಿರಣಿ ನಿಮಿಷಕ್ಕೆ 200 ಸುತ್ತಿನ ಹತ್ತಿರ ತಿರುಗುತ್ತದೆ, ಟಾರ್ಕೂ ಬೇಕಾದ್ದಕ್ಕಿಂತ ಜಾಸ್ತಿ. ಗದ್ದಲ ಇಲ್ಲ, ಬ್ರಶ್ ಇಲ್ಲ. ಬೆಲ್ಟಿಗೆ ತಗಡಿನ ಮುಚ್ಚಳ ಮಾತ್ರ ಬೇಕೇ ಬೇಕು, ಸೆರಗು ಸಿಕ್ಕೀತು. ನನ್ನ ಕೇಳಿದರೆ ಈಗಲೇ ಇದನ್ನೇ ಮಾಡಿ ಅಂತೀನಿ. ಆದರೆ ಮಗನಿಗೆ ಡ್ರಿಲ್ ಬೇಕಾಗಿದೆ ಅನ್ನೋ ವಾಸನೆ ನಿಮ್ಮ ಪತ್ರದಲ್ಲೇ ಹೊಡೀತಿದೆ.

ಪ್ರಶ್ನೆ: ಬ್ಯಾಟರಿ ಡ್ರಿಲ್ಲಿಂದ ಗೋಧಿ ಒಡೆಯಬಹುದಾ? ನನ್ನ ಹತ್ತಿರ 18 ವೋಲ್ಟ್, 2 ಆಂಪಿಯರ್-ಅವರ್ ಬ್ಯಾಟರಿಯದು ಇದೆ. — ಓದುಗರು, ಧಾರವಾಡ

ಉತ್ತರ: ಬಹುದು ತಮ್ಮಾ, ಒಂದನೇ ಗೇರಿನಲ್ಲಿ. ಇವುಗಳಲ್ಲಿ ಒಂದನೇ ಗೇರು 400-500 ಸುತ್ತಿನದಿರುತ್ತದೆ, ಟಾರ್ಕ್ ಚೆನ್ನಾಗಿರುತ್ತದೆ. ಆದರೆ ಬ್ಯಾಟರಿಯಲ್ಲಿರೋದು 18 ಗುಣಿಸು 2, ಅಂದರೆ 36 ವ್ಯಾಟ್ ಅವರ್. 200 ವ್ಯಾಟ್ ಎಳೆದರೆ ಹತ್ತು ನಿಮಿಷಕ್ಕೆ ಖಾಲಿ. ಮುಂದಿನ ಟಾರ್ಕ್ ರಿಂಗನ್ನು ಡ್ರಿಲ್ ಗುರುತಿಗೆ ಇಡದೆ ಮಧ್ಯದ ಅಂಕಿಗೆ ಇಟ್ಟು ನೋಡು. ಹರಳು ಸಿಕ್ಕರೆ ‘ಕಟಕಟ’ ಅಂತ ಕ್ಲಚ್ ಬಿಟ್ಟುಕೊಳ್ಳುತ್ತದೆ, ಕೈ ಉಳಿಯುತ್ತದೆ. ಆ ಅನುಕೂಲ ಕರೆಂಟಿನ ಎಷ್ಟೋ ಡ್ರಿಲ್ಲುಗಳಲ್ಲಿ ಇಲ್ಲ.

ಪ್ರಶ್ನೆ: ಅದೇ ಕೈಗಿರಣಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡಬಹುದಾ? — ಓದುಗರು, ಹಾವೇರಿ

ಉತ್ತರ: ಬೇಡ. ಬೀಡಿನ ಪ್ಲೇಟಿನ ಗೆರೆಗಳಲ್ಲಿ ಬಣ್ಣ, ಎಣ್ಣೆ ಕೂತರೆ ತೊಳೆದರೂ ಹೋಗಲ್ಲ, ಒದ್ದೆ ಉಳಿದರೆ ತುಕ್ಕು ಬೇರೆ. ಮುಂದಿನ ಸಲದ ಗೋಧಿ ಹುಗ್ಗಿ ಖಾರ ಆಗುತ್ತದೆ. ಖಾರದ ಗಿರಣಿ ಬೇರೆಯೇ ಇರುತ್ತದಲ್ಲ, ಅಲ್ಲಿಗೆ ಒಯ್ಯಿರಿ.