ಅಂಕ ಹಾಕುವವರ ನಿದ್ದೆ

(ಗುರುತು ಸಿಗದಂತೆ ಹುದ್ದೆ, ವಯಸ್ಸು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ.)

ಬಡ್ತಿ ತಪ್ಪಿ ನೊಂದವರು ಆಪ್ತಸಲಹೆಗೆ ಬರುವುದುಂಟು. ಬಡ್ತಿ ಕೊಡುವವರು ಬರುವುದು ಅಪರೂಪ. ಕೋಲಾರದ ವೇಮಗಲ್ ಕಡೆಯ ಕಾರ್ಖಾನೆಯೊಂದರ ಮುಖ್ಯಸ್ಥರು ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ಐವತ್ತು ದಾಟಿದವರು.

ಕಾರ್ಖಾನೆಯಲ್ಲಿ ಉಪ ಮಹಾವ್ಯವಸ್ಥಾಪಕರ ಹುದ್ದೆ ಖಾಲಿಯಾಗಿತ್ತು. ಆಯ್ಕೆ ಸಮಿತಿಯಲ್ಲಿ ಮೂವರಿದ್ದರೂ ನಡೆಯುವುದು ಇವರ ಮಾತು. ಸ್ಪರ್ಧೆಯಲ್ಲಿದ್ದವರು ಇಬ್ಬರು. ಒಬ್ಬ ಇವರ ಊರಿನ ಕಡೆಯವನು, ಯಾರೂ ಇಲ್ಲದಾಗ ಇವರನ್ನು ‘ಅಣ್ಣ’ ಎನ್ನುವವನು, ದಿನವೂ ಬೆಂಗಳೂರಿನಿಂದ ಇವರ ಕಾರಿನಲ್ಲೇ ಬರುವವನು. ಇನ್ನೊಬ್ಬರು ಗುಣಮಟ್ಟ ವಿಭಾಗದಲ್ಲಿ ದುಡಿದು ಮೇಲೆ ಬಂದ ಮಹಿಳೆ.

“ನಾನು ಪಕ್ಷಪಾತಿಯಲ್ಲ ಮೇಡಂ. ಹುಡುಗ ನಿಜಕ್ಕೂ ಸಮರ್ಥ,” ಎಂದರು. ಹೌದೆಂದು ತಲೆಯಾಡಿಸಿದ್ದರೆ ಅಂದು ರಾತ್ರಿ ಅವರಿಗೆ ನಿದ್ದೆ ಬರುತ್ತಿತ್ತೇನೋ. ಅದರ ಬದಲು, ಇಬ್ಬರ ಬಗ್ಗೆ ಬರೆದುಕೊಂಡಿರುವುದನ್ನು ಓದಿ ಹೇಳಿ ಎಂದೆ.

ಅವನ ಹೆಸರಿನ ಕೆಳಗೆ ಇದ್ದದ್ದು ‘ನಾಯಕತ್ವ ಗುಣ, ಬೆಳೆಯುವ ಹುಡುಗ’. ಒಂದೂ ಘಟನೆಯಿಲ್ಲ. ಆಕೆಯ ಹೆಸರಿನ ಕೆಳಗೆ ಗ್ರಾಹಕರ ಆಡಿಟ್‌ಗಳನ್ನು ದಾಟಿಸಿದ್ದು, ರಿಜೆಕ್ಷನ್ (ತಿರಸ್ಕೃತವಾಗುವ ಮಾಲಿನ ಪ್ರಮಾಣ) ಇಳಿಸಿದ್ದು ಎಲ್ಲವೂ ಇತ್ತು; ಕೊನೆಯಲ್ಲಿ ‘ಒಂದು ವರ್ಷ ಅಂಕ ಕಡಿಮೆ, ಕೌಟುಂಬಿಕ ಜವಾಬ್ದಾರಿ ಹೆಚ್ಚು’. ಯಾವ ವರ್ಷ ಎಂದು ಕೇಳಿದೆ. ಹೆರಿಗೆ ರಜೆಯ ವರ್ಷ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳವರೆಗೆ ಕಾನೂನೇ ಕೊಡುವ ರಜೆ ಅದು. ಕೊಡುವಾಗ ಕೊಟ್ಟು, ಅಂಕ ಹಾಕುವಾಗ ವಸೂಲಿ ಮಾಡಿದ್ದರು.

“ಹುಡುಗನಿಗೆ ಮಕ್ಕಳಿಲ್ಲವೇ?”

“ಇಬ್ಬರಿದ್ದಾರೆ.”

1920ರಲ್ಲೇ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ್ದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಇವನ್ನೆಲ್ಲ ಬೇರೆಬೇರೆಯಾಗಿ ಅಳೆಯಬೇಕಿತ್ತು. ಆದರೆ ಒಂದರಲ್ಲಿ ಹೆಚ್ಚು ಪಡೆದವನಿಗೆ ಉಳಿದವುಗಳಲ್ಲೂ ಹೆಚ್ಚೇ ಸಿಕ್ಕಿತ್ತು. ಮೆಚ್ಚಿದವನಲ್ಲಿ ಎಲ್ಲ ಗುಣವೂ ಕಾಣುತ್ತದೆ. ಈ ಮುಖ್ಯಸ್ಥರ ವಿಷಯದಲ್ಲಿ ಕಾರಿನ ಪಾಲೂ ಇತ್ತು: ಒಬ್ಬನಿಗೆ ಹೋಗುತ್ತ ಬರುತ್ತ ದಿನವೂ ಸಂದರ್ಶನ, ಇನ್ನೊಬ್ಬರಿಗೆ ತಿಂಗಳ ಪರಿಶೀಲನಾ ಸಭೆಯಲ್ಲಿ ಸಿಗುವಷ್ಟೇ ಹೊತ್ತು.

ನಿಮ್ಮ ಮನಸ್ಸಿನಲ್ಲಿ ಪಕ್ಷಪಾತವಿದೆಯೇ ಎಂದು ತೂಗುತ್ತ ಕೂರಬೇಡಿ, ಅದಕ್ಕೆ ಕೊನೆಯಿಲ್ಲ ಎಂದೆ. ಆ ಹುದ್ದೆಗೆ ಏನು ಬೇಕು ಎಂಬುದನ್ನು ಹೆಸರುಗಳನ್ನು ಬದಿಗಿಟ್ಟು ಮೊದಲು ಬರೆಯಲಿ, ಒಂದೊಂದು ಅಂಕಕ್ಕೂ ನಡೆದ ಘಟನೆಯೊಂದನ್ನು ತೋರಿಸಲಿ, ರಜೆಯ ವರ್ಷವನ್ನು ಲೆಕ್ಕದಿಂದ ತೆಗೆಯಲಿ. ಒಡನಾಟದ ವಿಷಯವನ್ನು ಸಮಿತಿಗೆ ಬರೆದು ತಿಳಿಸಿ, ಅಂಕ ಹಾಕುವುದನ್ನು ಉಳಿದಿಬ್ಬರಿಗೇ ಬಿಡಲಿ. ಆಯ್ಕೆಯಾಗದವರಿಗೆ ಕಾರಣವನ್ನು ಇವರೇ ಎದುರು ಕುಳಿತು ಹೇಳಬೇಕು, ಎಚ್.ಆರ್. ಪತ್ರ ಸಾಲದು.

ಇವೆಲ್ಲಕ್ಕೂ ಒಪ್ಪಿದರು. ಫಲಿತಾಂಶ ಬರುವವರೆಗೆ ಹುಡುಗ ಬೇರೆ ಗಾಡಿಯಲ್ಲಿ ಬರಲಿ ಎಂದದ್ದಕ್ಕೆ ಮಾತ್ರ ಮುಖ ಸಿಂಡರಿಸಿದರು. “ಅವರ ಮನೆಯವರು ಏನೆಂದುಕೊಳ್ಳುತ್ತಾರೆ ಮೇಡಂ?” ಆ ಪ್ರಶ್ನೆಯನ್ನು ಆಕೆಯ ಮನೆಯವರ ಬಗ್ಗೆಯೂ ಕೇಳಿಕೊಂಡು ಬನ್ನಿ ಎಂದು ಮುಂದಿನ ಭೇಟಿಯ ದಿನಾಂಕ ಕೊಟ್ಟೆ. ನಿದ್ದೆ ಮಾತ್ರೆಗೆ ಚೀಟಿ ಕೇಳಿದ್ದರು. ಅದನ್ನು ಬರೆಯುವ ಅಧಿಕಾರ ನನಗಿಲ್ಲ, ವೈದ್ಯರನ್ನು ಕಾಣಲು ಹೇಳಿದೆ.