ಮೈನಸ್ ಇದ್ದ ಮಾತ್ರಕ್ಕೆ ಕಳೀಬೇಕಾ?

ಪ್ರಶ್ನೆ: ಸರ್, ಎಡಗಡೆ +4 ಮೈಕ್ರೋಕೂಲಂಬ್, ಅದರಿಂದ 30 ಸೆಂಮೀ ಬಲಕ್ಕೆ −1 ಮೈಕ್ರೋಕೂಲಂಬ್ ಚಾರ್ಜ್ ಇದೆ, ಸರಿಯಾಗಿ ನಡುವೆ ಎಲೆಕ್ಟ್ರಿಕ್ ಫೀಲ್ಡ್ ಎಷ್ಟು ಅಂತ ಲೆಕ್ಕ. ನಂಗೆ 12 ಲಕ್ಷ ಬಂತು, ಉತ್ತರ 20 ಲಕ್ಷ ಅಂತಿದೆ. ಪ್ಲಸ್ಸು ಮೈನಸ್ಸು ಕಳೀಬೇಕಲ್ವಾ? ಫೀಲ್ಡ್ ಸೊನ್ನೆ ಆಗೋ ಜಾಗಾನೂ ಮಧ್ಯದಲ್ಲೇ ಎಲ್ಲೋ ಇರ್ಬೇಕಲ್ವಾ?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಎರಡೂ ಅಲ್ಲಮ್ಮ. ಚಾರ್ಜಿನ ಮೈನಸ್ಸು ಬೇರೆ, ದಿಕ್ಕಿನ ಮೈನಸ್ಸು ಬೇರೆ, ಅದನ್ನ ಸೀದಾ ಫಾರ್ಮುಲಾಗೆ (9×10⁹ × ಚಾರ್ಜ್ ÷ ದೂರದ ವರ್ಗ, ದೂರ ಮೀಟರಲ್ಲಿ) ತುಂಬಿದ್ದಕ್ಕೇ ಹಿಂಗಾಗಿದ್ದು. ಮೊದಲು ಕೇಳಿರೋ ಜಾಗದಲ್ಲಿ ಪೆನ್ಸಿಲಲ್ಲಿ ಒಂದು ಚುಕ್ಕಿ ಇಡು, ಅಲ್ಲೊಂದು ಪುಟ್ಟ ಪ್ಲಸ್ ಚಾರ್ಜ್ ಇದ್ದಿದ್ರೆ ಯಾವ ಕಡೆ ಹೋಗ್ತಿತ್ತು ಅಂತ ನೋಡು, ಅದೇ ಫೀಲ್ಡಿನ ದಿಕ್ಕು, ಒಂದ್ಸಲಕ್ಕೆ ಒಂದೇ ಚಾರ್ಜು, ಇನ್ನೊಂದು ಇಲ್ವೇ ಇಲ್ಲ ಅಂದ್ಕೊಂಡು. ನಡುವೆ ಇಟ್ರೆ +4 ಅದನ್ನ ಬಲಕ್ಕೆ ತಳ್ಳುತ್ತೆ, −1 ತನ್ನ ಕಡೆಗೆ, ಅಂದ್ರೆ ಅದೂ ಬಲಕ್ಕೇ, ಎಳೆಯುತ್ತೆ. ಹಿಂದಿಂದ ಒಬ್ಬ ಗಾಡಿ ತಳ್ತಾ ಮುಂದಿಂದ ಇನ್ನೊಬ್ಬ ಎಳೀತಿದ್ರೆ ಕಳೆಯೋದೆಲ್ಲಿ ಬಂತು? 16 ಲಕ್ಷಕ್ಕೆ 4 ಲಕ್ಷ ಸೇರಿ 20 ಲಕ್ಷ ನ್ಯೂಟನ್ ಪರ್ ಕೂಲಂಬ್, ಬಲಕ್ಕೆ.

ಹಂಗಾಗಿ ಮಧ್ಯದಲ್ಲಿ ಎಲ್ಲೂ ಸೊನ್ನೆ ಸಿಗಲ್ಲ. +4ರ ಎಡಕ್ಕೆ ಹೋದ್ರೆ ದಿಕ್ಕೇನೋ ಎದುರುಬದುರು, ಆದ್ರೆ ದೊಡ್ಡ ಚಾರ್ಜೇ ಹತ್ತಿರಾನೂ ಇರೋದ್ರಿಂದ ಚಿಕ್ಕದು ಯಾವತ್ತೂ ಸಮ ಆಗಲ್ಲ. ಉಳಿದಿದ್ದು −1ರ ಬಲಗಡೆ. ಅಲ್ಲಿ −1ರಿಂದ 30 ಸೆಂಮೀ ಆಚೆ ನಿಂತ್ಕೋ, +4 ಇರೋದು 60 ಸೆಂಮೀ ದೂರ, ಚಾರ್ಜು ನಾಲ್ಕು ಪಟ್ಟು ಆದ್ರೂ ದೂರ ಎರಡು ಪಟ್ಟು, ಎರಡರ ವರ್ಗ ನಾಲ್ಕು, ಸರಿಹೋಯ್ತು. ಇಬ್ಬರದ್ದೂ ತಲಾ 1 ಲಕ್ಷ, ಒಂದು ಬಲಕ್ಕೆ ಒಂದು ಎಡಕ್ಕೆ.

ಇಷ್ಟೂ ಒಂದೇ ಗೆರೆ ಮೇಲಿನ ಆಟ, ಅದಕ್ಕೇ ಸುಲಭ. ನಿಜವಾದ ಫಜೀತಿ ಚುಕ್ಕಿ ಗೆರೆ ಬಿಟ್ಟು ಪಕ್ಕಕ್ಕೆ ಹೋದಾಗ. −1ರ ನೇರ ಮೇಲೆ 40 ಸೆಂಮೀಗೆ ಚುಕ್ಕಿ ಇಡು, +4ರಿಂದ ಅದು 50 ಸೆಂಮೀ ಆಗುತ್ತೆ. +4 ಕೊಡೋದು 1,44,000, ಓರೆಯಾಗಿ ಮೇಲಕ್ಕೆ. −1 ಕೊಡೋದು 56,250, ನೇರ ಕೆಳಕ್ಕೆ. ಇವೆರಡನ್ನ ಹಂಗಂಗೇ ಕಳೆದ್ರೆ ಮಾರ್ಕ್ಸ್ ಹೋಯ್ತು ಅಂತಾನೇ ಲೆಕ್ಕ. ಓರೆ ಬಾಣಾನ ಮೊದಲು ಒಡೀಬೇಕು, ಬಲಕ್ಕೆ 86,400, ಮೇಲಕ್ಕೆ 1,15,200, ಆಮೇಲೆ ಮೇಲಿನದ್ರಲ್ಲಿ ಮಾತ್ರ 56,250 ಕಳಿ, 58,950 ಉಳಿಯುತ್ತೆ. ಒಟ್ಟು ಬಾಣ ಅಡ್ಡಗೆರೆಯಿಂದ ಸುಮಾರು 34 ಡಿಗ್ರಿ ಮೇಲಕ್ಕೆ, ಬಲಕ್ಕೆ ವಾಲ್ಕೊಂಡು ನಿಲ್ಲುತ್ತೆ, ಸ್ಕೇಲ್ ಹಿಡ್ಕೊಂಡು ಬರೆದು ನೋಡು.