ಅಳಿಯ ಹೇಳಿದ್ದು ಖರೇನೇ ಅದರಿ ಅಮ್ಮಾ

ಪ್ರಶ್ನೆ: ಮಗಳು ಸ್ಯಾನ್ ಫ್ರಾನ್ಸಿಸ್ಕೊದಾಗ ಅದಾಳ್ರಿ, ಜನವರಿಗೆ ಬಾಣಂತನಕ್ಕ ಹೋಗ್ಬೇಕು. ಬೆಂಗಳೂರಿಂದ ನೆಟ್ಟಗ ಹೋದ್ರ ಎಷ್ಟು ಕಿಲೋಮೀಟರ್, ಎಷ್ಟು ತಾಸು? ವಿಮಾನ ಉತ್ತರ ಧ್ರುವದ ಮ್ಯಾಲ ಹೋಗ್ತದ ಅಂತಾನ ಅಳಿಯ, ಚಾಷ್ಟಿ ಮಾಡ್ತಾನ ಅನಸ್ತದ. ನಮ್ಮ ಓಣಿಯವರು ಅಲ್ಲಿಂದ 9ಕ್ಕ ಹೊಂಟು 11ಕ್ಕ ಬಂದ್ರಂತ, ಎರಡು ದಿನ ಕೂತೇ ಇರಬೇಕೇನು?
– ಒಬ್ಬ ತಾಯಿ, ಶಹಾಬಾದ್

ಉತ್ತರ: ಅಮ್ಮಾ, ಅಳಿಯ ಖರೇನೇ ಹೇಳ್ಯಾನ. ದೂರ ಸುಮಾರು 14,000 ಕಿಲೋಮೀಟರ್. ಗೋಡೆಗೆ ಹಚ್ಚಿದ ನಕಾಶೆ ನೋಡಿದ್ರ ಅರೇಬಿಯಾ, ಯುರೋಪು ದಾಟಿ ಪಶ್ಚಿಮಕ್ಕ ಹೋಗಬೇಕು ಅನಸ್ತದ, ಆದ್ರ ಭೂಮಿ ಚಪ್ಪಟಿ ಇಲ್ಲಲ್ರಿ. ಮನ್ಯಾಗಿನ ಮಣ್ಣಿನ ಗಡಗಿ ಬೋರಲು ಹಾಕಿ, ಈ ಕಡಿ ಒಂದು ಚುಕ್ಕಿ, ಅದರ ಎದುರಿಗೆ ಆ ಕಡಿ ಒಂದು ಚುಕ್ಕಿ ಇಟ್ಟು ದಾರ ಬಿಗಿದು ಹಿಡೀರಿ, ದಾರ ಹೊಟ್ಟಿ ಸುತ್ತಂಗಿಲ್ಲ, ತೆಲಿ ಮ್ಯಾಲಿಂದ ಹಾಯ್ತದ. ಈ ಎರಡು ಊರೂ ಭೂಮಿಯ ಹೆಚ್ಚೂಕಮ್ಮಿ ಎದುರುಬದುರು ಮಗ್ಗಲಿಗೆ ಅವ, ಅದಕ್ಕೇ ಹತ್ತರದ ದಾರಿ ಧ್ರುವದ ಕಡಿಂದ.

ಇನ್ನ ತಾಸಿನ ಮಾತು. ವಿಮಾನ ತಾಸಿಗೆ 900 ಕಿಲೋಮೀಟರ್ ಹೋಗ್ತದ ಅಂತ ಭಾಗಾಕಾರ ಮಾಡಿದ್ರ ಹದಿನೈದೂವರಿ ಬರ್ತದ, ಆದ್ರ ಗಾಳಿ, ಏರೋದು ಇಳಿಯೋದು ಎಲ್ಲಾ ಕೂಡಿ 17 ತಾಸಿನ ಹತ್ರ ಹೋಗ್ತದ. ಗಾಳಿ ಅಂದ್ರ ಹಗೂರ ತಿಳೀಬ್ಯಾಡ್ರಿ. ಹತ್ತು ಕಿಲೋಮೀಟರ್ ಮ್ಯಾಲ ಪಶ್ಚಿಮದಿಂದ ಪೂರ್ವಕ್ಕ ಜೆಟ್ ಸ್ಟ್ರೀಮ್ ಅಂತ ಜೋರು ಗಾಳಿ ಹರೀತದ. 2016ರ ಅಕ್ಟೋಬರ್‌ದಾಗ ಏರ್ ಇಂಡಿಯಾದ ದಿಲ್ಲಿ-ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮ್ಯಾಲಿಂದ ಹೋಯ್ತು, ದಾರಿ 1,400 ಕಿಲೋಮೀಟರ್ ಜಾಸ್ತಿ, ಅಂದ್ರ 15,300, ಆದ್ರೂ ಬೆನ್ನಿಗೆ ಗಾಳಿ ಸಿಕ್ಕಿದ್ದಕ್ಕ ಹದಿನಾಲ್ಕೂವರಿ ತಾಸಿನಾಗ ಮುಟ್ತು! ಹೊಲಕ್ಕ ಸೈಕಲ್ ಮ್ಯಾಲ ಹೋದವ್ರಿಗೆ ಇದು ಹೇಳೋದೇ ಬ್ಯಾಡ.

ನಿಮ್ಮ ಓಣಿಯವರ ಲೆಕ್ಕಾನೂ ಖರೇನೇ, ಆದ್ರ ಎರಡು ದಿನ ಕೂತಿಲ್ಲ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಹೊಂಡ್ತು, ಪೈಲಟ್ ಎಲ್ಲಾರೂ ಹೆಣ್ಮಕ್ಕಳು, ಇಳಿದದ್ದು 11ರ ನಸಿಕಿನ್ಯಾಗ. ಹಾರಿದ್ದು ಹದಿನೇಳು ತಾಸು ಅಷ್ಟೇ, ಉಳಿದದ್ದು ಗಡಿಯಾರದ ಆಟ. ಚಳಿಗಾಲದಾಗ ಅಲ್ಲಿ ನಮಗಿಂತ ಹದಿಮೂರೂವರಿ ತಾಸು ಹಿಂದ. ಅದಕ್ಕ ಟಿಕೆಟಿನ್ಯಾಗಿನ ಹೊಂಡೋ ಟೈಮು, ಮುಟ್ಟೋ ಟೈಮು ಕಳೆದು ತಾಸು ಹಿಡೀಬ್ಯಾಡ್ರಿ, ಪ್ರಯಾಣದ ಅವಧಿ ಅಂತ ಬ್ಯಾರೆ ಬರದಿರ್ತದ, ಅದನ್ನ ನೋಡ್ರಿ. ನೇರ ವಿಮಾನ ಸಿಗದೇ ನಡುವ ಎಲ್ಲ್ಯಾದ್ರೂ ಬದಲಿಸಬೇಕಾದ್ರ 20 ತಾಸಿನ ಮ್ಯಾಲೇ ಹಿಡ್ಕೋರಿ, ಶಹಾಬಾದಿಂದ ಬೆಂಗಳೂರಿನ ರಾತ್ರಿ ರೈಲು ಬ್ಯಾರೆ.

ಬಿಪಿ, ಶುಗರ್ ಗುಳಗಿ ಇದ್ರ ಯಾವ ಊರಿನ ಟೈಮಿಗೆ ತಗೋಬೇಕು ಅಂತ ಡಾಕ್ಟರಿಗೆ ಮೊದಲೇ ಕೇಳಿ ಚೀಟಿ ಮ್ಯಾಲ ಬರಸ್ಕೋರಿ, ಗುಳಗಿ ಕೈಚೀಲದಾಗೇ ಇರ್ಲಿ. ಮುಟ್ಟಿದ ಮ್ಯಾಲ ಯಜಮಾನ್ರಿಗೆ ಫೋನ್ ಹಚ್ಚುವಾಗ ನೆನಪಿರ್ಲಿ, ನಿಮಗೆ ಸಂಜಿ ಆರೂವರಿ ಅಂದ್ರ ಶಹಾಬಾದಿನ್ಯಾಗ ಮರುದಿನ ಮುಂಜಾನಿ ಎಂಟು.